ತೆರೆದ ಜೀಪು, ಕರಾವಳಿ ಬಿಸಿಲು: ಎಸ್‌ಪಿಎಫ್ 100 ಹಚ್ಚಿದರೆ ಸಾಕಾ?

ಪ್ರಶ್ನೆ: ನಾನು ಕುಂಬಳೆಯವನು. ಮಡಚುವ ಟಾಪ್ ಇರುವ ಜೀಪು ತಗೊಂಡಿದ್ದೇನೆ. ವಾರದ ದಿನಗಳಲ್ಲಿ ಕೆಲಸಕ್ಕೆ ಮಂಗಳೂರು, ರಜೆಯಲ್ಲಿ ಮನೆಯವರ ಜೊತೆ ಬೇಕಲ. ಹೆಚ್ಚಾಗಿ ಟಾಪ್ ತೆಗೆದೇ ಓಡಿಸುತ್ತೇನೆ. ಗಾಳಿ ಇರುವುದರಿಂದ ಬಿಸಿಲು ಅಷ್ಟು ಗೊತ್ತಾಗುವುದಿಲ್ಲ. ಆದರೆ ಈಗ ನೋಡಿದರೆ ಬಲಗೈ ಎಡಗೈಗಿಂತ ಜಾಸ್ತಿ ಕಪ್ಪಾಗಿದೆ. ಎಸ್‌ಪಿಎಫ್ 100 ಇರುವ ಸನ್‌ಸ್ಕ್ರೀನ್ ತಗೊಂಡ್ರೆ ಸಾಕಾ?

ಉತ್ತರ: ಕ್ರೀಮ್ ಬೇಕು. ಆದರೆ ಅದೊಂದೇ ಸಾಲದು, ಎಸ್‌ಪಿಎಫ್ (ಕ್ರೀಮ್ ಬಿಸಿಲಿನ ಸುಡುವಿಕೆಯನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ) 100 ಇದ್ದರೂ ಸಾಲದು. ತೆರೆದ ಗಾಡಿಯಲ್ಲಿ ಮೊದಲು ಗಾಡಿಯ ಟಾಪ್, ಆಮೇಲೆ ಮೈಮೇಲಿನ ಬಟ್ಟೆ, ಬಟ್ಟೆ ಮುಚ್ಚದೆ ಉಳಿದ ಜಾಗಕ್ಕೆ ಕ್ರೀಮ್. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ದುಬಾರಿ ಟ್ಯೂಬ್ ಕೊಳ್ಳುತ್ತಾರೆ, ಅರ್ಧ ತೋಳಿನ ಟೀ ಶರ್ಟ್ ಹಾಕಿಕೊಂಡು ಹೊರಡುತ್ತಾರೆ.

ನಿಮ್ಮ ಬಲಗೈಯಿಂದಲೇ ಶುರು ಮಾಡೋಣ. ರಾಷ್ಟ್ರೀಯ ಹೆದ್ದಾರಿ 66 ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಹೆಚ್ಚುಕಡಿಮೆ ಉತ್ತರದಿಂದ ದಕ್ಷಿಣಕ್ಕೆ ಹೋಗುತ್ತದೆ. ಬೆಳಿಗ್ಗೆ ನೀವು ಕುಂಬಳೆಯಿಂದ ಉಪ್ಪಳ, ತಲಪಾಡಿ ದಾಟಿ ಮಂಗಳೂರಿಗೆ ಹೋಗುವಾಗ ಮುಖ ಉತ್ತರಕ್ಕೆ. ಸೂರ್ಯ ಮೂಡಣದಲ್ಲಿ, ಅಂದರೆ ನಿಮ್ಮ ಬಲಗಡೆ. ಸಂಜೆ ವಾಪಸ್ ಬರುವಾಗ ಮುಖ ದಕ್ಷಿಣಕ್ಕೆ. ಸೂರ್ಯ ಕಡಲಿನ ಕಡೆ, ಅದೂ ನಿಮ್ಮ ಬಲಗಡೆಯೇ. ನಮ್ಮ ಗಾಡಿಗಳಲ್ಲಿ ಡ್ರೈವರ್ ಕೂರುವುದೂ ಬಲಕ್ಕೇ. ಹಾಗಾಗಿ ಎರಡು ಹೊತ್ತಿನ ಬಿಸಿಲೂ ಅದೇ ಕೈಗೆ, ಅದೇ ಕೆನ್ನೆಗೆ, ಅದೇ ಕಿವಿಗೆ ಬೀಳುತ್ತದೆ. ಕಾಸರಗೋಡು, ಕಾಞಂಗಾಡು ಕಡೆಯಿಂದ ದಿನಾ ಮಂಗಳೂರಿಗೆ ಗಾಡಿ ಓಡಿಸುವ ಎಲ್ಲರ ಕತೆಯೂ ಇದೇ.

ರಜೆಯಲ್ಲಿ ಬೇಕಲಕ್ಕೆ ಹೋದರೆ ಲೆಕ್ಕ ತಿರುಗುತ್ತದೆ. ಬೆಳಿಗ್ಗೆ ದಕ್ಷಿಣಕ್ಕೆ ಹೋಗಿ ಸಂಜೆ ಉತ್ತರಕ್ಕೆ ಬಂದರೆ ಎರಡು ಸಲವೂ ಬಿಸಿಲು ಎಡಗಡೆ. ನಿಮಗಿಂತ ನಿಮ್ಮ ಪಕ್ಕದಲ್ಲಿ ಕೂತವರಿಗೆ ಜಾಸ್ತಿ. ಆ ದಿನ ಉದ್ದ ತೋಳಿನ ಬಟ್ಟೆ ಮೊದಲು ಬೇಕಾದದ್ದು ಅವರಿಗೆ.

ಒಂದೇ ಪಕ್ಕಕ್ಕೆ ವರ್ಷಗಟ್ಟಲೆ ಬಿಸಿಲು ಬಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ವೈದ್ಯರು ತೋರಿಸುವ ಒಂದು ಪ್ರಸಿದ್ಧ ಫೋಟೊ ಇದೆ. 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದದ್ದು. 28 ವರ್ಷ ಟ್ರಕ್ ಓಡಿಸಿದ 69 ವರ್ಷದ ಒಬ್ಬರ ಮುಖ ಅದು. ಅವರ ಎಡಕೆನ್ನೆಯ ಚರ್ಮ ದಪ್ಪವಾಗಿ ಆಳವಾದ ಸುಕ್ಕು ಬಿದ್ದಿತ್ತು. ಬಲಕೆನ್ನೆ ಎಷ್ಟೋ ವರ್ಷ ಕಿರಿಯವರದ್ದು ಅನ್ನುವ ಹಾಗಿತ್ತು. ಅವರ ಅಮೆರಿಕದಲ್ಲಿ ಡ್ರೈವರ್ ಎಡಕ್ಕೆ ಕೂರುತ್ತಾನೆ. ಅವರಿಗೆ ಬಿಸಿಲು ಬಿದ್ದದ್ದು ಪಕ್ಕದ ಕಿಟಕಿಯ ಗಾಜಿನ ಮೂಲಕ. ನಿಮಗೆ ಆ ಗಾಜೂ ಇಲ್ಲ, ಮೇಲೆ ಮಾಡೂ ಇಲ್ಲ.

ಇದನ್ನು ಅರ್ಥ ಮಾಡಿಕೊಳ್ಳಲು ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಎರಡು ಯುವಿ (ಅತಿನೇರಳೆ) ಕಿರಣಗಳ ವಿಷಯ ಗೊತ್ತಿದ್ದರೆ ಸಾಕು. ಯುವಿಬಿ ಚರ್ಮವನ್ನು ಸುಡುತ್ತದೆ, ಕೆಂಪಗೆ ಮಾಡುತ್ತದೆ. ಸಾಮಾನ್ಯ ಗಾಜು ಅದನ್ನು ಬಹುಪಾಲು ತಡೆಯುತ್ತದೆ. ಯುವಿಎ ಇನ್ನೂ ಆಳಕ್ಕೆ ಇಳಿಯುತ್ತದೆ. ಕಪ್ಪು, ಕಲೆ, ಸುಕ್ಕಿನಲ್ಲಿ ಇದರ ಪಾಲು ದೊಡ್ಡದು. ಪಕ್ಕದ ಕಿಟಕಿಯ ಗಾಜಿನಲ್ಲಿ ಇದು ಸಾಕಷ್ಟು ಒಳಗೆ ಬರುತ್ತದೆ. ಮುಂದಿನ ವಿಂಡ್‌ಶೀಲ್ಡ್ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಮಾಡಿದ್ದು. ಅದು ಯುವಿಎಯನ್ನೂ ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಟಾಪ್ ತೆಗೆದ ಜೀಪಿನಲ್ಲಿ ನಿಮಗಿರುವ ಗುರಾಣಿ ಆ ಒಂದು ವಿಂಡ್‌ಶೀಲ್ಡ್ ಮಾತ್ರ. ಮೇಲಿನಿಂದ, ಪಕ್ಕದಿಂದ, ಹಿಂದಿನಿಂದ ಎಲ್ಲಾ ತೆರೆದೇ ಇದೆ.

ಗಾಳಿ ಇದ್ದರೆ ಬಿಸಿಲು ಗೊತ್ತಾಗುವುದಿಲ್ಲ ಅಂತ ಬರೆದಿದ್ದೀರಿ. ಅಪಾಯ ಇರುವುದು ಅಲ್ಲೇ. ನಮಗೆ ಬಿಸಿ ಅನ್ನಿಸುವುದು ಮುಖ್ಯವಾಗಿ ಇನ್‌ಫ್ರಾರೆಡ್ ಕಿರಣದಿಂದ. ಯುವಿ ಕಿರಣವನ್ನು ಚರ್ಮ ಆ ಕ್ಷಣಕ್ಕೆ ಗುರುತಿಸುವುದೇ ಇಲ್ಲ. ನಮ್ಮ ಕಡೆ ಸೆಕೆಯೇ ಜನರನ್ನು ನೆರಳಿಗೆ ಓಡಿಸುತ್ತದೆ. ಜೀಪು ಓಡುವಾಗ ಬೆವರು ಕೂಡಲೇ ಆರುತ್ತದೆ, ಮೈ ತಂಪಾಗುತ್ತದೆ, ಒಳಗೆ ಹೋಗೋಣ ಅನ್ನಿಸುವುದಿಲ್ಲ. ಯುವಿ ಮಾತ್ರ ಅಷ್ಟೇ ಇರುತ್ತದೆ. ಮೋಡದ ದಿನವೂ ಹೀಗೆಯೇ. ತೆಳು ಮೋಡದಲ್ಲಿ ಯುವಿಯ ಹೆಚ್ಚಿನ ಪಾಲು ಹಾದುಬರುತ್ತದೆ. ರಾಣಿಪುರಂ ಕಡೆ ಗುಡ್ಡ ಹತ್ತಿದರೆ ಹವೆ ತಂಪು, ಆದರೆ ಎತ್ತರ ಪ್ರತಿ 1000 ಮೀಟರ್ ಹೆಚ್ಚಾದಾಗ ಯುವಿ ಸುಮಾರು ಶೇಕಡ 10ರಷ್ಟು ಜಾಸ್ತಿಯಾಗುತ್ತದೆ. ಹಾಗಾಗಿ ಸೆಕೆ ನೋಡಿ ತೀರ್ಮಾನ ಮಾಡಬೇಡಿ, ಗಡಿಯಾರ ನೋಡಿ ಮಾಡಿ.

ಗಡಿಯಾರದಲ್ಲೂ ಒಂದು ವಿಷಯ ಇದೆ. ಭಾರತದ ಸಮಯ ಲೆಕ್ಕ ಹಾಕುವುದು 82.5 ಡಿಗ್ರಿ ರೇಖಾಂಶದಲ್ಲಿ. ಕಾಸರಗೋಡು ಇರುವುದು ಸುಮಾರು 75 ಡಿಗ್ರಿಯಲ್ಲಿ. ಆದ್ದರಿಂದ ಇಲ್ಲಿ ಸೂರ್ಯ ನೆತ್ತಿಗೆ ಬರುವುದು 12 ಗಂಟೆಗಲ್ಲ, ಸುಮಾರು 12.30ಕ್ಕೆ. ಊಟ ಮುಗಿಸಿ ಎರಡು ಗಂಟೆಗೆ ಹೊರಟರೆ ಬಿಸಿಲು ಇಳಿದಿದೆ ಅಂತ ಅನ್ನಿಸಬಹುದು. ಇಳಿದಿರುವುದಿಲ್ಲ. ವರ್ಷಕ್ಕೆ ಎರಡು ಸಲ, ಏಪ್ರಿಲ್ 23ರ ಸುಮಾರಿಗೆ ಮತ್ತು ಆಗಸ್ಟ್ 20ರ ಸುಮಾರಿಗೆ, ಸೂರ್ಯ ನಮ್ಮ ನೆತ್ತಿಯ ಮೇಲೆ ನೇರ ಬರುತ್ತಾನೆ. ಆಗಸ್ಟಿನದ್ದನ್ನು ಜನ ಗಮನಿಸುವುದಿಲ್ಲ. ಮಳೆ ಬಿಟ್ಟ ಎರಡು ದಿನ ಖುಷಿಯಲ್ಲಿ ಟಾಪ್ ತೆಗೆದರೆ ಮೇ ತಿಂಗಳಿನಷ್ಟೇ ಚುರುಕು ಬಿಸಿಲು ಸಿಗಬಹುದು.

ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರ ತನಕ ಟಾಪ್ ಹಾಕಿಯೇ ಓಡಿಸಿ. ಜೀಪು ತಗೊಂಡದ್ದೇ ಟಾಪ್ ತೆಗೆದು ಓಡಿಸುವುದಕ್ಕೆ ಅಲ್ವಾ ಅಂತ ಕೇಳಬಹುದು. ಬೆಳಿಗ್ಗೆ ಎಂಟಕ್ಕೆ, ಸಂಜೆ ನಾಲ್ಕೂವರೆ ಆದ ಮೇಲೆ ಧಾರಾಳವಾಗಿ ತೆಗೆಯಿರಿ. ಚಂದ್ರಗಿರಿ ಸೇತುವೆ ದಾಟಿ ಬೇಕಲದ ಕಡೆ ಹೋಗುವ ಕರಾವಳಿ ರಸ್ತೆ ಸಂಜೆಯೇ ಚಂದ. ನಡು ಮಧ್ಯಾಹ್ನ ಸೀತಾಂಗೋಳಿ, ಪೆರ್ಮುದೆ ಕಡೆಯ ಪದವುಗಳಲ್ಲಿ (ಎತ್ತರದ ಬಯಲುಗಳಲ್ಲಿ) ನೆರಳು ಹುಡುಕಿದರೂ ಸಿಗುವುದಿಲ್ಲ. ಸಂಶಯ ಇದ್ದರೆ ಗಾಡಿಯಿಂದ ಇಳಿದು ನಿಮ್ಮ ನೆರಳು ನೋಡಿ. ನೆರಳು ನಿಮಗಿಂತ ಗಿಡ್ಡ ಇದ್ದರೆ ಯುವಿ ಜೋರಾಗಿದೆ ಅಂತ ಅರ್ಥ. ಕೇರಳ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಬೇಸಿಗೆಯಲ್ಲಿ ಯುವಿ ಸೂಚ್ಯಂಕ ಪ್ರಕಟಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸೂಚ್ಯಂಕ 3 ಮುಟ್ಟಿದರೆ ರಕ್ಷಣೆ ಬೇಕು, 8 ಮುಟ್ಟಿದರೆ ಹೆಚ್ಚಿನ ಎಚ್ಚರ ಬೇಕು, 11 ಮತ್ತು ಮೇಲೆ ವಿಪರೀತ.

ಇನ್ನು ಬಟ್ಟೆ. ನನ್ನ ಮಟ್ಟಿಗೆ ಇದೇ ಮುಖ್ಯ. ಬಟ್ಟೆ ಬೆವರಿಗೆ ತೊಳೆದುಹೋಗುವುದಿಲ್ಲ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕಾಗಿಲ್ಲ. ಆದರೆ ಎಲ್ಲಾ ಬಟ್ಟೆಯೂ ಒಂದೇ ಅಲ್ಲ. ತೆಳುವಾದ ಬಿಳಿ ಹತ್ತಿ ಟೀ ಶರ್ಟಿನ ರಕ್ಷಣೆ ಬಹಳ ಕಡಿಮೆ. ಬಟ್ಟೆಗೆ ಯುಪಿಎಫ್ ಅಂತ ಅಳತೆ ಇದೆ, ಅಂಥ ಟೀ ಶರ್ಟಿಗೆ ಅದು 10ಕ್ಕಿಂತಲೂ ಕೆಳಗೆ. ಬೆವರಿ ಒದ್ದೆಯಾದರೆ ಇನ್ನೂ ಇಳಿಯುತ್ತದೆ. ಒತ್ತಾಗಿ ನೇಯ್ದ, ಗಾಢ ಬಣ್ಣದ, ಸ್ವಲ್ಪ ಸಡಿಲವಾದ ಬಟ್ಟೆ ಒಳ್ಳೆಯದು. ಅಂಗಡಿಯಲ್ಲಿ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಆಚೆಯದ್ದು ಕಂಡರೆ ಬಿಸಿಲೂ ಒಳಗೆ ಬರುತ್ತದೆ. ಬೈಕಿನವರು ಕೈಗೆ ಎಳೆದುಕೊಳ್ಳುವ ಬಟ್ಟೆಯ ತೋಳುಗಳೂ ಆಗಬಹುದು, ಯುಪಿಎಫ್ 50+ ಅಂತ ಬರೆದಿರುವುದನ್ನು ತಗೊಳ್ಳಿ. ಅತಿ ಬಿಗಿಯಾಗಿ ಹಿಗ್ಗಿದರೆ ನೂಲಿನ ನಡುವೆ ಸಂದು ಬೀಳುತ್ತದೆ, ಸರಿಯಾದ ಅಳತೆ ಇರಲಿ. ನಿಮಗೆ ದಿನಾ ಮಂಗಳೂರಿಗೆ ಹೋಗುವುದಕ್ಕೆ ಒಂದೇ ವಸ್ತು ಕೊಳ್ಳಿ ಅಂದರೆ ನಾನು ಹೇಳುವುದು ಈ ತೋಳುಗಳನ್ನೇ.

ತೊಡೆಯನ್ನು ಮರೆಯಬೇಡಿ. ನಿಂತವನ ತೊಡೆಗೆ ಮಧ್ಯಾಹ್ನದ ಬಿಸಿಲು ಓರೆಯಾಗಿ ಬೀಳುತ್ತದೆ. ಕೂತವನ ತೊಡೆ ಅಡ್ಡಕ್ಕೆ ಚಾಚಿರುತ್ತದೆ, ನೆತ್ತಿಯ ಸೂರ್ಯನಿಗೆ ನೇರ ಎದುರು. ಸ್ಟೀರಿಂಗ್ ಹಿಡಿದ ಕೈಯ ಹಿಂಬದಿಯೂ ಹಾಗೆಯೇ. ಚಡ್ಡಿ ಹಾಕಿ ಓಡಿಸುವವರು ಒಂದು ಜೀನ್ಸ್ ಹಾಕಿದರೆ ಅರ್ಧ ಚಿಂತೆ ಮುಗಿಯುತ್ತದೆ. ಜೀನ್ಸ್ ಬಟ್ಟೆಯ ಯುಪಿಎಫ್ ಬಹಳ ಜಾಸ್ತಿ.

ತಲೆಗೆ ಏನು? ನಮ್ಮ ಹಿರಿಯರು ತೋಟದಲ್ಲಿ ಅಡಿಕೆ ಹಾಳೆಯ ಮುಟ್ಟಾಳೆ (ಟೊಪ್ಪಿ) ಇಟ್ಟುಕೊಂಡು ಕೆಲಸ ಮಾಡಿದವರು. ನೆತ್ತಿಗೆ ಅದು ಒಳ್ಳೆಯ ರಕ್ಷಣೆ, ಆದರೆ ಓಡುವ ಜೀಪಿನಲ್ಲಿ ನಿಲ್ಲುವುದಿಲ್ಲ. ಅಗಲ ಅಂಚಿನ ಹ್ಯಾಟೂ ಗಾಳಿಗೆ ಹಾರುತ್ತದೆ. ಹಾರುವ ಹ್ಯಾಟನ್ನು ಹಿಡಿಯಲು ಕೈ ಎತ್ತುವ ಡ್ರೈವರ್ ಹೆದ್ದಾರಿಯಲ್ಲಿ ಎಲ್ಲರಿಗೂ ಅಪಾಯ. ಕ್ರಿಕೆಟ್ ಕ್ಯಾಪಿನಲ್ಲಿ ಕಿವಿ, ಕುತ್ತಿಗೆಯ ಹಿಂಭಾಗ ತೆರೆದೇ ಉಳಿಯುತ್ತದೆ. ಹಿಂದೆ ಕುತ್ತಿಗೆ ಮುಚ್ಚುವ ಬಟ್ಟೆ ಇಳಿಬಿದ್ದಿರುವ, ಗಲ್ಲಕ್ಕೆ ದಾರ ಇರುವ ಕ್ಯಾಪ್ ಸಿಗುತ್ತದೆ. ಅದೇ ಸರಿ. ಇಲ್ಲದಿದ್ದರೆ ಕುತ್ತಿಗೆಗೆ ಕೊಳವೆಯ ಹಾಗೆ ಎಳೆದುಕೊಳ್ಳುವ ನೆಕ್ ಗೇಟರ್ ಹಾಕಿ, ಮೇಲೆ ಬಿಗಿಯಾದ ಕ್ಯಾಪ್ ಹಾಕಿ. ಬೈರಾಸು (ಟವೆಲ್) ಸುತ್ತುವುದಾದರೆ ತುದಿಯನ್ನು ಅಂಗಿಯೊಳಗೆ ಸಿಕ್ಕಿಸಿ. ಪಕ್ಕದಲ್ಲಿ ಕೂತವರ ಸೆರಗು, ಶಾಲು, ದುಪಟ್ಟಾದ ತುದಿ ಕೂಡ ಹೊರಗೆ ಹಾರಬಾರದು. ನರ್ತಕಿ ಇಸಡೋರಾ ಡಂಕನ್ 1927ರಲ್ಲಿ ಫ್ರಾನ್ಸಿನ ನೀಸ್ ಊರಿನಲ್ಲಿ ತೀರಿಕೊಂಡದ್ದು ತೆರೆದ ಕಾರಿನ ಚಕ್ರಕ್ಕೆ ಅವರ ಉದ್ದನೆಯ ಶಾಲು ಸಿಕ್ಕಿಕೊಂಡು.

ಕನ್ನಡಕದಲ್ಲಿ ಜನ ಬಣ್ಣ ನೋಡುತ್ತಾರೆ. ನೋಡಬೇಕಾದದ್ದು ಯುವಿ 400 ಅನ್ನುವ ಗುರುತು. ಯುವಿ ತಡೆಯದ ಬರೀ ಕಪ್ಪು ಗಾಜು ಹಾಕುವುದು ಒಳ್ಳೆಯದಲ್ಲ. ಕಪ್ಪಿನಲ್ಲಿ ಕಣ್ಣಿನ ಪಾಪೆ ಅಗಲವಾಗಿ ಯುವಿ ಒಳಗೆ ಹೋಗಲು ಜಾಗ ಮಾಡಿಕೊಡುತ್ತದೆ. ಅತಿ ಕಪ್ಪಿನ 4ನೇ ವರ್ಗದ ಗಾಜು ಗಾಡಿ ಓಡಿಸಲು ಆಗುವುದಿಲ್ಲ, 2 ಅಥವಾ 3 ಇರಲಿ. ಪೋಲರೈಸ್ಡ್ ಅನ್ನುವುದು ಬೇರೆ ಗುಣ. ಒದ್ದೆ ರಸ್ತೆಯ, ಎದುರಿನ ಗಾಡಿಯ ಪ್ರತಿಫಲನ ಕಡಿಮೆ ಮಾಡುತ್ತದೆ, ಕಣ್ಣಿಗೆ ಹಿತ. ಆದರೆ ಅದರಲ್ಲಿ ಕೆಲವು ಮೊಬೈಲ್ ಪರದೆಗಳು ಕಪ್ಪಾಗಿ ಕಾಣುತ್ತವೆ, ಮ್ಯಾಪ್ ನೋಡುವವರು ಮೊದಲೇ ಪರೀಕ್ಷಿಸಿ. ಪಕ್ಕದಲ್ಲೂ ಮುಚ್ಚುವ ಆಕಾರದ್ದಾದರೆ ರಸ್ತೆಯ ಧೂಳೂ ತಪ್ಪುತ್ತದೆ.

ಈಗ ನಿಮ್ಮ ಎಸ್‌ಪಿಎಫ್ 100. ಎಸ್‌ಪಿಎಫ್ ಹೇಳುವುದು ಮುಖ್ಯವಾಗಿ ಯುವಿಬಿ ಬಗ್ಗೆ. ಸರಿಯಾಗಿ ಹಚ್ಚಿದರೆ 30 ಇರುವುದು ಸುಮಾರು ಶೇಕಡ 97 ತಡೆಯುತ್ತದೆ, 50 ಇರುವುದು 98, 100 ಇರುವುದು 99. ಎರಡು ಪಟ್ಟು ಸಂಖ್ಯೆಗೆ ಎರಡು ಪಟ್ಟು ಹೊತ್ತು ಬಿಸಿಲಲ್ಲಿ ಕೂರಬಹುದು ಅಂತ ಭಾವಿಸಿದರೆ ಮೋಸ ಹೋಗುತ್ತೀರಿ. ನಿಮ್ಮ ತೊಂದರೆ ಕಪ್ಪಾಗುವುದು, ಅದಕ್ಕೆ ಯುವಿಎ ರಕ್ಷಣೆ ನೋಡಬೇಕು. ಟ್ಯೂಬಿನಲ್ಲಿ ಪಿಎ ಅಂತ ಬರೆದು ಪಕ್ಕದಲ್ಲಿ ಪ್ಲಸ್ ಗುರುತು ಇರುತ್ತದೆ. ನಾಲ್ಕು ಪ್ಲಸ್ ಇರುವ ಎಸ್‌ಪಿಎಫ್ 50 ತಗೊಳ್ಳಿ, ಸಾಕು. ಬಂಗು ಇರುವವರಿಗೆ ಐರನ್ ಆಕ್ಸೈಡ್ ಸೇರಿದ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯೋಗ. ಬಂಗಿಗೆ ಕಣ್ಣಿಗೆ ಕಾಣುವ ಬೆಳಕೂ ಕಾರಣ, ಅದನ್ನು ಸಾಮಾನ್ಯ ಕ್ರೀಮ್ ತಡೆಯುವುದಿಲ್ಲ.

ಹಚ್ಚುವ ಅಳತೆಯಲ್ಲೇ ಎಲ್ಲರೂ ಎಡವುತ್ತಾರೆ. ಪ್ರಯೋಗಾಲಯದಲ್ಲಿ ಒಂದು ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚಿ ಎಸ್‌ಪಿಎಫ್ ಅಳೆಯುತ್ತಾರೆ. ನಾವು ಅದರ ಅರ್ಧವನ್ನೂ ಹಚ್ಚುವುದಿಲ್ಲ. ತೋರುಬೆರಳು, ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಎಳೆದರೆ ಮುಖ ಮತ್ತು ಕುತ್ತಿಗೆಗೆ ಸರಿಹೋಗುತ್ತದೆ. ಒಂದು ಪೂರ್ತಿ ಕೈಗೆ ಒಂದು ಟೀ ಚಮಚ ಬೇಕು. ಹೊರಡುವ ಕಾಲು ಗಂಟೆ ಮೊದಲು ಹಚ್ಚಿ, ಅಂಗೈ ಒರೆಸಿಕೊಂಡು ಸ್ಟೀರಿಂಗ್ ಹಿಡಿಯಿರಿ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ದಾರಿಯಲ್ಲಿ ಊಟ ಮಾಡಿ ಬಲಗೈ ತೊಳೆದರೆ ಆ ಕೈಯ ಕ್ರೀಮ್ ಹೋಯಿತು, ಎರಡು ಗಂಟೆ ಕಾಯಬೇಡಿ. ಬೆವರಿನ ಜೊತೆ ಕಣ್ಣಿಗೆ ಇಳಿದು ಉರಿಯುತ್ತದೆ ಅನ್ನುವವರು ಹಣೆಗೆ ಜಿಂಕ್ ಆಕ್ಸೈಡ್ ಇರುವ ಸ್ಟಿಕ್ ಬಳಸಿ. ತೆರೆದ ಗಾಡಿಯಲ್ಲಿ ಸ್ಪ್ರೇ ಸುಮ್ನೆ ದಂಡ, ಅರ್ಧ ಗಾಳಿಗೆ ಹೋಗುತ್ತದೆ. ಟ್ಯೂಬನ್ನು ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಬಿಡಬೇಡಿ, ಬಿಸಿಗೆ ಕೆಡುತ್ತದೆ. ಕೆಳತುಟಿ, ಕಿವಿಯ ತುದಿ, ಬೈತಲೆ, ಈ ಮೂರನ್ನು ಬಿಡಬೇಡಿ.

ಬೇಕಲಕ್ಕೆ ಮನೆಯವರ ಜೊತೆ ಅಂದಿರಿ. ಆರು ತಿಂಗಳ ಒಳಗಿನ ಮಗು ಇದ್ದರೆ ಟಾಪ್ ತೆಗೆಯಲೇಬೇಡಿ, ಅಷ್ಟು ಚಿಕ್ಕ ಮಗುವಿಗೆ ಕ್ರೀಮ್ ಬದಲು ನೆರಳೇ ಬೇಕು. ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ತಿನ್ನುತ್ತಿರುವವರಿಗೆ, ರಕ್ತದೊತ್ತಡಕ್ಕೆ ಹೈಡ್ರೋಕ್ಲೋರೋಥಯಜೈಡ್ ತಗೊಳ್ಳುವವರಿಗೆ ಸ್ವಲ್ಪ ಬಿಸಿಲಿಗೇ ಚರ್ಮ ಸುಡಬಹುದು, ಹೊರಡುವ ಮೊದಲು ಡಾಕ್ಟರನ್ನು ಕೇಳಿ. ಬಾಯಾರಿಕೆಗೆ ಬೊಂಡ (ಎಳನೀರು), ನೀರು ಆಗಾಗ ಕುಡಿಯಿರಿ, ಗಾಳಿಯಲ್ಲಿ ಬೆವರು ಹೋದದ್ದೇ ಗೊತ್ತಾಗುವುದಿಲ್ಲ. ಕುಲುಕ್ಕಿ ಸರ್ಬತ್ತು ಕುಡಿದರೆ ಕೈಮೇಲೆ ಚೆಲ್ಲಿದ ಲಿಂಬೆ ರಸವನ್ನು ಸೋಪು ಹಾಕಿ ತೊಳೆದೇ ಗಾಡಿ ಹತ್ತಿ. ಲಿಂಬೆ ರಸದ ಮೇಲೆ ಬಿಸಿಲು ಬಿದ್ದರೆ ಒಂದೆರಡು ದಿನದಲ್ಲಿ ಚರ್ಮ ಕೆಂಪಾಗಿ ಗುಳ್ಳೆ ಏಳಬಹುದು, ಆಮೇಲೆ ಉಳಿಯುವ ಕಂದು ಕಲೆ ಹೋಗಲು ತಿಂಗಳುಗಳೇ ಬೇಕು. ತೊಳೆದ ಮೇಲೆ ಆ ಕೈಗೆ ಮತ್ತೆ ಕ್ರೀಮ್ ಹಚ್ಚಿ.