ಅಮ್ಮನ ಮರೆವಿಗೆ ಶುಗರ್ ಕಾರಣವೇ?

ಪ್ರಶ್ನೆ: ಅಮ್ಮನಿಗೆ 72 ವರ್ಷ. ಶ್ರೀನಿವಾಸಪುರದ ಹತ್ತಿರದ ಹಳ್ಳಿಯಲ್ಲಿ ಒಬ್ಬರೇ ಇದ್ದಾರೆ. ತುಂಬಾ ವರ್ಷದಿಂದ ಶುಗರ್ ಇದೆ. ಈಗೀಗ ಒಲೆ ಮೇಲೆ ಮುದ್ದೆಗೆ ಎಸರಿಟ್ಟು ಮರೆತುಬಿಡುತ್ತಾರೆ. ಮಾತ್ರೆ ನುಂಗಿದೆನೋ ಇಲ್ಲವೋ ಅಂತ ಫೋನ್ ಮಾಡಿ ನನ್ನನ್ನೇ ಕೇಳುತ್ತಾರೆ. ನೆಂಟರು 'ಅರವತ್ತಕ್ಕೆ ಅರಳುಮರಳು, ಬಿಡು' ಅನ್ನುತ್ತಾರೆ. ಶುಗರ್‌ನಿಂದ ಹೀಗಾಗುತ್ತಾ?

ಉತ್ತರ: ಆಗುತ್ತದೆ. ವಯಸ್ಸು ಅಂತ ದಯವಿಟ್ಟು ಬಿಟ್ಟುಬಿಡಬೇಡಿ. ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಡಿಮೆನ್ಷಿಯಾ, ಅಂದರೆ ದಿನದ ಕೆಲಸಕ್ಕೂ ಅಡ್ಡಿಯಾಗುವ ಮರೆವಿನ ಕಾಯಿಲೆ, ಬರುವ ಸಾಧ್ಯತೆ ಇಲ್ಲದವರಿಗಿಂತ ಸುಮಾರು ಒಂದೂವರೆ ಪಟ್ಟು. ಶುಗರ್ ವರ್ಷಗಟ್ಟಲೆ ಏರಿದ್ದರೆ ಕಣ್ಣು, ಕಿಡ್ನಿಯ ಸಣ್ಣ ರಕ್ತನಾಳಗಳ ಹಾಗೆ ಮಿದುಳಿನವೂ ಕೆಡುತ್ತವೆ. ಜೊತೆಗೆ ಬಿಪಿ ಇದ್ದರೆ ಇನ್ನೂ ಜಾಸ್ತಿ.

ಏರಿದ ಶುಗರ್‌ಗೆ ಎಲ್ಲರೂ ಹೆದರುತ್ತಾರೆ. ಈ ವಯಸ್ಸಿನಲ್ಲಿ ನನಗೆ ಹೆಚ್ಚು ಭಯ ಇಳಿದ ಶುಗರ್‌ನದು. ಮಿದುಳು ನಡೆಯುವುದೇ ಗ್ಲೂಕೋಸ್ ಮೇಲೆ. 70ಕ್ಕಿಂತ ಕೆಳಗಿಳಿದರೆ ಬೆವರು, ನಡುಕ ಬರಬೇಕು. ಹಿರಿಯರಲ್ಲಿ ಎಷ್ಟೋ ಸಲ ಅದು ಕಾಣುವುದಿಲ್ಲ. ಬರೀ ಗಲಿಬಿಲಿ, ಮಂಕು, ತೊದಲು ಮಾತು. ಮನೆಯವರು ಅದನ್ನೂ ಮರೆವಿನ ಲೆಕ್ಕಕ್ಕೇ ಸೇರಿಸುತ್ತಾರೆ. ನಿಮ್ಮ ಅಮ್ಮನ ವಿಷಯದಲ್ಲಿ ನನ್ನನ್ನು ಕಾಡುವುದು ಆ ಫೋನ್. ತೆಗೆದುಕೊಂಡ ಮಾತ್ರೆಯನ್ನೇ ಮತ್ತೆ ನುಂಗಿದರೆ? ಮಾತ್ರೆ ನುಂಗಿ ಊಟ ಮರೆತರೆ? ಏಕಾದಶಿ ಉಪವಾಸವಿದ್ದೂ ಮಾತ್ರೆ ತೆಗೆದುಕೊಂಡರೆ? ಅಮ್ಮನ ಶುಗರ್ ಔಷಧಿಗಳಲ್ಲಿ ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್ ಮಾತ್ರೆಯೋ ಇನ್ಸುಲಿನ್ನೋ ಇದ್ದರೆ ಶುಗರ್ ಸರ್ರನೆ ಇಳಿಯಬಹುದು. ಆಸ್ಪತ್ರೆ ಸೇರುವಷ್ಟು ಶುಗರ್ ಇಳಿದ ಹಿರಿಯರಲ್ಲಿ ಮುಂದೆ ಡಿಮೆನ್ಷಿಯಾ ಹೆಚ್ಚು ಎಂದು ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿತು.

ಇದ್ದಕ್ಕಿದ್ದಂತೆ ಮಂಕಾದರೆ ಮೊದಲು ಗ್ಲೂಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ನುಂಗಲಾಗದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ಶುಗರ್ ಸರಿಯಿದ್ದೂ ಮಾತು ತೊದಲುತ್ತಿದ್ದರೆ, ಒಂದು ಕಡೆಯ ಕೈಕಾಲು ಸೋತಿದ್ದರೆ ಅದು ಪಾರ್ಶ್ವವಾಯು ಇರಬಹುದು, ತಡ ಮಾಡಲೇಬೇಡಿ.

ಹಾಗಾಗಿ ಹಿರಿಯರ ಶುಗರ್ ಅನ್ನು ಹಟ ಹಿಡಿದು ಇಳಿಸುವುದು ಬೇಡ. ಮರೆವು, ಬೇರೆ ಕಾಯಿಲೆ ಇರುವವರಿಗೆ ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ, 8ರ ಒಳಗಿದ್ದರೆ ಸಾಕು ಎಂದು ವೈದ್ಯರು ಗುರಿ ಸಡಿಲಿಸುತ್ತಾರೆ. ಅಮ್ಮನಿಗೆ ಎಷ್ಟು ಎಂದು ನಿಮ್ಮ ಡಾಕ್ಟರನ್ನೇ ಕೇಳಿ. ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ.

ಇನ್ನೊಂದು ವಿಷಯ. ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ವಿಟಮಿನ್ ಕಡಿಮೆಯಾಗಬಹುದು, ಸಸ್ಯಾಹಾರಿಗಳಲ್ಲಂತೂ ಇನ್ನೂ ಜಾಸ್ತಿ. ಅದೂ ಮರೆವು ತರುತ್ತದೆ. ಥೈರಾಯ್ಡ್, ಖಿನ್ನತೆ, ಕಿವಿ ಮಂದವಾಗುವುದೂ ಅಷ್ಟೇ. ಇವಕ್ಕೆಲ್ಲ ಚಿಕಿತ್ಸೆ ಇದೆ, ಮೊದಲು ಇವನ್ನೇ ನೋಡಿಸಿ.

ನಿಮ್ಮ ತಾಲ್ಲೂಕಿನ ಹಳ್ಳಿಗಳಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು 2018ರಿಂದ 45 ದಾಟಿದವರ ನೆನಪು, ರಕ್ತ, ಮಿದುಳನ್ನು ವರ್ಷ ವರ್ಷ ಪರೀಕ್ಷಿಸುತ್ತಿದ್ದಾರೆ. ಹಳ್ಳಿಯವರ ಮರೆವನ್ನು ಇಷ್ಟು ಗಂಭೀರವಾಗಿ ನೋಡುವವರಿದ್ದಾರೆ ಎಂಬುದು ನನಗೆ ದೊಡ್ಡ ಸಮಾಧಾನ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರದ ಬ್ರೈನ್ ಹೆಲ್ತ್ ಯೋಜನೆ ಮೊದಲು ಶುರುವಾದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಹೋಗುವಾಗ ಅಮ್ಮನ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಳ್ಳಿ, ಮೊದಲು ಬೇರೆ ಡಾಕ್ಟರು ಬರೆದುಕೊಟ್ಟು ಉಳಿದವೂ ಇರಲಿ.