ಒಂದು ಫ್ಯಾರಡ್, ಎರಡು ಬಲ್ಬು

ಕಾರಿಗೆ ದೊಡ್ಡ ಸಬ್‌ವೂಫರ್ (ಬೇಸ್ ಸ್ಪೀಕರ್) ಹಾಕಿಸುವವರಲ್ಲಿ ಕೆಲವರು ಜೊತೆಗೆ 1 ಫ್ಯಾರಡ್ ಕೆಪಾಸಿಟರನ್ನೂ ಹಾಕಿಸುತ್ತಾರೆ. ಕೆಪಾಸಿಟರ್ ಎಂದರೆ ಕರೆಂಟಿನ ಚಾರ್ಜ್ ತುಂಬಿಟ್ಟುಕೊಳ್ಳುವ ಸಾಧನ, ಎಷ್ಟು ಹಿಡಿಸುತ್ತದೆ ಎನ್ನುವುದರ ಅಳತೆ ಫ್ಯಾರಡ್. ನೋಡಲು ಸಣ್ಣ ಫ್ಲಾಸ್ಕ್ ಥರ ಇರುತ್ತದೆ. ಅಂಗಡಿಯಲ್ಲಿ ನಾನು ಹುಡುಗರಿಗೆ ಮೊದಲು ಹೇಳುವ ಮಾತು ಇದು: ಖಾಲಿ ಕೆಪಾಸಿಟರನ್ನು ನೇರ ಬ್ಯಾಟರಿಗೆ ಕೊಡಬೇಡಿ, ನಡುವೆ ಬಲ್ಬು ಇರಲಿ.

ಖಾಲಿ ಕೆಪಾಸಿಟರ್ ಮೊದಲ ಕ್ಷಣದಲ್ಲಿ ಶಾರ್ಟ್ ಆದ ವೈರಿನ ಹಾಗೆಯೇ. ದಪ್ಪ ಕೇಬಲ್ಲಿನಲ್ಲಿ ತಡೆ ಇಲ್ಲವೆನ್ನುವಷ್ಟು ಕಡಿಮೆ, ನೂರಾರು ಆಂಪಿಯರ್ ಒಮ್ಮೆಲೇ ನುಗ್ಗುತ್ತದೆ. ಕೆಲಸ ಕಲಿಯುವಾಗ ಹಾಗೆ ಮುಟ್ಟಿಸಿ, ರಿಂಗ್ ಟರ್ಮಿನಲ್ಲಿನ ಅಂಚು ಕರಗಿ ಬೋಲ್ಟಿಗೆ ಹಿಡಿದುಕೊಂಡದ್ದನ್ನು ಕಂಡಿದ್ದೇನೆ.

ಹೋದ ವಾರ ಹೊಸ ಹುಡುಗನಿಗೆ ಎರಡು ಬಲ್ಬು ಕೊಟ್ಟೆ. ಒಂದು 21 ವಾಟಿನ ಇಂಡಿಕೇಟರ್ ಬಲ್ಬು, ಇನ್ನೊಂದು 5 ವಾಟಿನ ಪಾರ್ಕಿಂಗ್ ಬಲ್ಬು. ಮೊದಲು ದೊಡ್ಡದನ್ನು ಬ್ಯಾಟರಿ, ಕೆಪಾಸಿಟರ್ ನಡುವೆ ಸೀರೀಸಿನಲ್ಲಿ ಹಾಕಿದ. ಝಗ್ ಎಂದು ಹತ್ತಿತು, ಹಳದಿಗೆ ತಿರುಗಿತು, ಕೆಂಪಾಯಿತು, ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಆರಿತು. ಕೆಪಾಸಿಟರ್ ಖಾಲಿ ಮಾಡಿ ಚಿಕ್ಕದನ್ನು ಹಾಕಿದರೆ ಬೆಳಕು ಕಡಿಮೆ, ಆದರೆ ಅರ್ಧ ನಿಮಿಷ ದಾಟಿದರೂ ತಂತಿ ಕೆಂಪಗೇ ಇತ್ತು.

"ಅಣ್ಣಾ, ಚಿಕ್ಕ ಬಲ್ಬಿಗೆ ಜಾಸ್ತಿ ಕರೆಂಟು ತಿನ್ನಿಸಿದ ಹಾಗಾಯ್ತಲ್ವಾ?" ಎಂದ.

ಒಳ್ಳೆಯ ಪ್ರಶ್ನೆ. ಉತ್ತರ ಮಾತ್ರ "ಇಲ್ಲ" ಎಂದೇ. ಬ್ಯಾಟರಿಯ 12.6 ವೋಲ್ಟಿಗೆ 1 ಫ್ಯಾರಡ್ ತುಂಬಬೇಕಾದರೆ 12.6 ಕೂಲಂ ಚಾರ್ಜ್ ಹೋಗಲೇಬೇಕು, ನಡುವೆ ಯಾವ ಬಲ್ಬಿದ್ದರೂ ಅಷ್ಟೇ. ಬ್ಯಾಟರಿಯಿಂದ ಹೊರಡುವುದು ಸುಮಾರು 159 ಜೂಲ್. ಅರ್ಧ ಕೆಪಾಸಿಟರಿಗೆ ಸೇರುತ್ತದೆ, ಉಳಿದರ್ಧ ಬಲ್ಬಿನಲ್ಲಿ ಬಿಸಿಯಾಗಿ, ಬೆಳಕಾಗಿ ಹೋಗುತ್ತದೆ. ತಡೆ ಎಷ್ಟೇ ಇರಲಿ, ಈ ಅರ್ಧ ಪಾಲು ಬದಲಾಗುವುದಿಲ್ಲ. ನನಗೂ ಇದು ತಲೆಗೆ ಹೋಗಲು ವರ್ಷಗಳೇ ಬೇಕಾದವು. ಬಲ್ಬು ಬದಲಿಸಿದರೆ ಬದಲಾಗುವುದು ವೇಗ ಮಾತ್ರ.

ಲೆಕ್ಕ ಸುಲಭ. ತಡೆಯ ಅಳತೆಯಾದ ಓಮನ್ನು ಫ್ಯಾರಡಿನಿಂದ ಗುಣಿಸಿದರೆ ಸೆಕೆಂಡು ಬರುತ್ತದೆ. ಅಷ್ಟು ಹೊತ್ತಿನಲ್ಲಿ ಕೆಪಾಸಿಟರ್ 63 ಶೇಕಡ ತುಂಬುತ್ತದೆ, ಅದರ ಐದು ಪಟ್ಟು ಹೊತ್ತಿನಲ್ಲಿ 99 ಶೇಕಡ ದಾಟುತ್ತದೆ. ಪೂರ್ತಿ ಉರಿಯುವಾಗ 21 ವಾಟಿನದು ಸುಮಾರು 7 ಓಮ್, 5 ವಾಟಿನದು ಸುಮಾರು 29. ವಾಟು ಕಡಿಮೆಯಾದರೆ ತಡೆ ಜಾಸ್ತಿ.

ಆದರೆ ಬಲ್ಬು ಈ ಲೆಕ್ಕಕ್ಕೆ ಪೂರ್ತಿ ಸಿಗುವುದಿಲ್ಲ. ಮೀಟರಿನಲ್ಲಿ ತಣ್ಣಗಿನ 21 ವಾಟಿನ ಬಲ್ಬನ್ನು ಅಳೆದು ನೋಡಿ, ಒಂದು ಓಮೂ ತೋರಿಸುವುದಿಲ್ಲ. ಟಂಗ್‌ಸ್ಟನ್ ತಂತಿ ಕಾದಾಗ ತಡೆ ಹತ್ತು ಪಟ್ಟಿನಷ್ಟು ಏರುತ್ತದೆ. ಹಾಗಾಗಿ ಕರೆಂಟು ಜಾಸ್ತಿ ನುಗ್ಗಿದರೆ ಬಲ್ಬು ತಾನೇ ಬಿಸಿಯಾಗಿ ತಡೆಯುತ್ತದೆ, ಕಡಿಮೆಯಾದಂತೆ ತಣ್ಣಗಾಗಿ ದಾರಿ ಬಿಡುತ್ತದೆ. ಕೊನೆಯ ಭಾಗ ಮಾಮೂಲಿ ರೆಸಿಸ್ಟರಿಗಿಂತ ಬೇಗ ಮುಗಿಯುತ್ತದೆ. ಈ ಕೆಲಸಕ್ಕೆ ಬಲ್ಬನ್ನು ನಾನು ಇಷ್ಟಪಡುವುದು ಇದಕ್ಕೇ. ಎಲ್‌ಇಡಿ ಬಲ್ಬಿನಿಂದ ಇದು ಆಗುವುದಿಲ್ಲ, ತಂತಿ ಇರುವ ಹಳೇ ಬಲ್ಬೇ ಬೇಕು.

ಖಾಲಿ ಮಾಡುವಾಗಲೂ ಇದೇ ಕಥೆ, ದಿಕ್ಕು ಮಾತ್ರ ಉಲ್ಟಾ. ಇಲ್ಲೇ ಹುಡುಗರು ಎಡವುತ್ತಾರೆ. ಬಲ್ಬು ಆರಿತು, ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಆಗ ಮೀಟರ್ ಇಟ್ಟರೆ ಒಂದೆರಡು ವೋಲ್ಟ್ ಇನ್ನೂ ಕಾಣಿಸುತ್ತದೆ. ಶಾಕ್ ಹೊಡೆಯುವಷ್ಟಲ್ಲ, ಆದರೆ ಸ್ಪ್ಯಾನರ್ ಅಡ್ಡ ಬಿದ್ದರೆ ಕಿಡಿ ಹಾರಿಸಲು ಸಾಕು. ತುಂಬುವಾಗಲೂ ಹಾಗೇ, ಬಲ್ಬು ಆರಿದ ಮೇಲೆ ಇನ್ನೊಂದು ನಿಮಿಷ ಬಿಡಿ. ಆಂಪ್ಲಿಫೈಯರ್ ವೈರು ಅಲ್ಲಿಯವರೆಗೆ ಬಿಚ್ಚಿಯೇ ಇರಲಿ, ಅದು ಕರೆಂಟು ಎಳೆಯುತ್ತಿದ್ದರೆ ಕೆಪಾಸಿಟರ್ ಪೂರ್ತಿ ತುಂಬುವುದೇ ಇಲ್ಲ.

ಮೀಟರಿನಲ್ಲಿ ಬ್ಯಾಟರಿಯ ವೋಲ್ಟೇ ಕಂಡ ಮೇಲೆ ಬಲ್ಬು ತೆಗೆದು ಕೇಬಲ್ ಮುಟ್ಟಿಸಲು ಹೇಳಿದೆ. ಹುಡುಗ ಮುಖ ಆ ಕಡೆ ತಿರುಗಿಸಿಕೊಂಡು ಮುಟ್ಟಿಸಿದ. ಟಿಕ್ ಎನ್ನುವ ಸದ್ದೂ ಬರಲಿಲ್ಲ.