ಚಿಕ್ಕ ಮಕ್ಕಳಿರುವ ಮನೆಗೆ ಯಾವ ಸಾಕುಪ್ರಾಣಿ ಸುಲಭ?

ಪ್ರಶ್ನೆ: ಮಗಳಿಗೆ ಆರು ವರ್ಷ, ಮಗನಿಗೆ ಮೂರು. ಸಾಕೋಕೆ ಏನಾದರೂ ತಂದುಕೊಡಿ ಎಂದು ಇಬ್ಬರದೂ ಹಟ. ನಮ್ಮದು ಬಾಡಿಗೆ ಮನೆ. ನಾಯಿ, ಬೆಕ್ಕಿಗೆ ಮಾಲೀಕರು ಒಪ್ಪುವುದಿಲ್ಲ. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಮೊಲ, ಲವ್ ಬರ್ಡ್ಸ್, ಹ್ಯಾಮ್‌ಸ್ಟರ್, ಸಣ್ಣ ಆಮೆ, ಮೀನು ಇವುಗಳಲ್ಲಿ ಯಾವುದನ್ನು ತರಬಹುದು?

ಉತ್ತರ: ಮೀನು ತನ್ನಿ. ಅದರಲ್ಲೂ ಗಪ್ಪಿ.

ಮೂರು ವರ್ಷದ ಮಗು ಪ್ರೀತಿ ತೋರಿಸುವುದೇ ಕೈಯಿಂದ. ಹಿಡಿಯುತ್ತದೆ, ಅವಚಿಕೊಳ್ಳುತ್ತದೆ, ಹೆದರಿದರೆ ತಟಕ್ಕನೆ ಬಿಟ್ಟುಬಿಡುತ್ತದೆ. ಅಂಗೈಯಗಲದ ಜೀವಕ್ಕೆ ಈ ಮೂರೂ ಅಪಾಯ. ಹಾಗಾಗಿ ಆರೇಳು ವರ್ಷದವರೆಗೆ ಎತ್ತಿ ಆಡಿಸುವ ಪ್ರಾಣಿಗಿಂತ, ನೋಡುತ್ತಾ ಊಟ ಹಾಕುವ ಪ್ರಾಣಿಯೇ ಮಗುವಿಗೂ ಪ್ರಾಣಿಗೂ ಕ್ಷೇಮ.

ಮೊಲ ನೋಡಲು ಮೆತ್ತಗಿದೆ ಎಂದು ತರುವವರೇ ಹೆಚ್ಚು. ಆದರೆ ಅದು ಬೇಟೆಗೆ ಸಿಗುವ ಪ್ರಾಣಿ. ನೆಲದಿಂದ ಎತ್ತಿದರೆ ಯಾರೋ ಕಚ್ಚಿಕೊಂಡು ಹೋಗುತ್ತಿದ್ದಾರೆಂದೇ ಅದಕ್ಕೆ ಅನಿಸುವುದು. ಹಿಂಗಾಲು ಝಾಡಿಸಿ ಒದೆಯುತ್ತದೆ, ಆ ರಭಸಕ್ಕೆ ಅದರ ಬೆನ್ನುಮೂಳೆಯೇ ಮುರಿಯಬಹುದು. ಅದರ ಊಟದ ಬಹುಪಾಲು ಹುಲ್ಲು ಇರಬೇಕು, ಕ್ಯಾರೆಟ್ ಅಲ್ಲ. ಹುಲ್ಲು ಸಾಲದಿದ್ದರೆ ಜೀವಮಾನವಿಡೀ ಬೆಳೆಯುವ ಅದರ ಹಲ್ಲು ಸವೆಯದೆ ಬಾಯಿ ಹುಣ್ಣಾಗುತ್ತದೆ. ತಾಪ 30 ಡಿಗ್ರಿ ದಾಟಿದರೆ ಬಳಲುತ್ತದೆ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಕೂಲರ್ ಇಲ್ಲದೆ ಮೊಲ ಸಾಕುವುದು ಅದಕ್ಕೆ ಹಿಂಸೆ. ಹ್ಯಾಮ್‌ಸ್ಟರ್ ಹಗಲೆಲ್ಲ ಮಲಗಿ ರಾತ್ರಿ ಓಡಾಡುತ್ತದೆ. ಶಾಲೆಯಿಂದ ಬಂದ ಮಗು ಎಬ್ಬಿಸಲು ಹೋದರೆ ಕಚ್ಚುತ್ತದೆ. ನಮ್ಮಲ್ಲಿ ಲವ್ ಬರ್ಡ್ಸ್ ಎಂದು ಮಾರುವುದು ಹೆಚ್ಚಾಗಿ ಆಸ್ಟ್ರೇಲಿಯಾ ಮೂಲದ ಬಜರಿಗರ್ ಹಕ್ಕಿಗಳನ್ನು. ಅವುಗಳ ರೆಕ್ಕೆಯ ಧೂಳು ಆಸ್ತಮಾ ಇರುವವರಿಗೆ ಆಗಿಬರುವುದಿಲ್ಲ.

ಆಮೆಯಂತೂ ಬೇಡವೇ ಬೇಡ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಾರುವ, ಕಿವಿಯ ಬಳಿ ಕೆಂಪು ಪಟ್ಟೆಯಿರುವ ನಾಣ್ಯದಷ್ಟು ಮರಿ ಬೆಳೆದು ಹೆಚ್ಚುಕಡಿಮೆ ಒಂದು ಅಡಿಯಾಗುತ್ತದೆ, ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ಆಮೆಯ ಮೈಮೇಲೆ, ಅದರ ನೀರಿನಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಐದು ವರ್ಷದೊಳಗಿನ ಮಕ್ಕಳಿಗೆ ಅದರಿಂದ ಬರುವ ವಾಂತಿಭೇದಿ ಆಸ್ಪತ್ರೆ ಸೇರುವಷ್ಟು ಜೋರಾಗಬಹುದು. ಇನ್ನು ನಕ್ಷತ್ರ ಆಮೆ, ನಮ್ಮ ಹಸಿರು ಗಿಳಿ ಇವನ್ನು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅದೃಷ್ಟ ತರುತ್ತದೆ ಎಂದು ಯಾರು ಹೇಳಿದರೂ ಕೊಳ್ಳಬೇಡಿ.

ಗಪ್ಪಿಯೇ ಏಕೆ? ಬೋರ್‌ವೆಲ್ ನೀರು ತುಂಬಿಟ್ಟ ಬಕೆಟ್ಟಿನ ಅಂಚಿಗೆ ಬಿಳಿ ಪಟ್ಟೆ ಕಟ್ಟುತ್ತದಲ್ಲ, ಆ ಗಡಸು ನೀರೇ ಗಪ್ಪಿಗೆ ಹಿಡಿಸುವುದು. ನಮ್ಮ ಊರುಗಳ ಬಹುಪಾಲು ಹವೆಗೆ ಹೀಟರ್ ಬೇಕಾಗುವುದಿಲ್ಲ. ನೀರು 22ರಿಂದ 28 ಡಿಗ್ರಿಯಲ್ಲಿದ್ದರೆ ಸಾಕು. ಸೊಳ್ಳೆಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಬಿಡುವ ಮೀನುಗಳಲ್ಲಿ ಇದೂ ಒಂದು, ಅಷ್ಟು ಗಟ್ಟಿಜೀವ. ಹಗಲಿಡೀ ಚುರುಕಾಗಿರುತ್ತದೆ. ಯಾರಾದರೂ ಹತ್ತಿರ ಬಂದರೆ ಊಟ ಬಂತೆಂದು ಗಾಜಿನ ಮುಂದೆ ಗುಂಪುಗೂಡುತ್ತದೆ. ಮಗುವಿಗೆ ಬೇಕಾದದ್ದೂ ಇದೇ, ತನ್ನನ್ನು ಗುರುತಿಸುವ ಒಂದು ಜೀವ.

ಗುಂಡನೆಯ ಗಾಜಿನ ಬೌಲ್ ಕೊಳ್ಳಬೇಡಿ. ಅದರಲ್ಲಿ ಹಿಡಿಯುವ ಮೂರ್ನಾಲ್ಕು ಲೀಟರ್ ನೀರು ಎರಡೇ ದಿನಕ್ಕೆ ಕೆಡುತ್ತದೆ. 18 ಇಂಚು ಉದ್ದ, 12 ಇಂಚು ಅಗಲ, 12 ಇಂಚು ಎತ್ತರದ ಟ್ಯಾಂಕ್ ತನ್ನಿ. ಮೇಲೆ ಎರಡು ಇಂಚು ಬಿಟ್ಟು ತುಂಬಿದರೆ ಸುಮಾರು 35 ಲೀಟರ್ ಹಿಡಿಯುತ್ತದೆ. ಗಾಜು, ಕಲ್ಲು ಎಲ್ಲ ಸೇರಿ 45 ಕಿಲೋ ಹತ್ತಿರ ಬರುವುದರಿಂದ ಪ್ಲಾಸ್ಟಿಕ್ ಸ್ಟೂಲ್ ತಡೆಯುವುದಿಲ್ಲ. ಕಲ್ಲಿನ ಕಟ್ಟೆಯೋ ಅಲ್ಲಾಡದ ಮೇಜೋ ಬೇಕು, ಮಗು ಜೋತುಬಿದ್ದರೂ ಮಗುಚಬಾರದು. ಅಡಿಗೆ ತೆಳ್ಳನೆಯ ಥರ್ಮೋಕೋಲ್ ಹಾಸಿ, ಮೇಲೆ ಮುಚ್ಚಳ ಇರಲಿ. ನೇರ ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆ.

ಒಳಗೆ ಒಂದು ಸ್ಪಂಜ್ ಫಿಲ್ಟರ್, ಹೊರಗೆ ಅದಕ್ಕೆ ಗಾಳಿ ಊದುವ ಏರ್ ಪಂಪ್. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ; ಕೆಳಗಿಟ್ಟರೆ ಕರೆಂಟ್ ಹೋದಾಗ ನೀರು ಪೈಪಿನಲ್ಲಿ ಹಿಂದಕ್ಕೆ ಇಳಿದು ಪಂಪ್ ಸೇರುತ್ತದೆ. ವೈರ್ ಸ್ವಿಚ್ ಬೋರ್ಡಿಗಿಂತ ಕೆಳಗೆ ಜೋತು ಮತ್ತೆ ಮೇಲೇರುವಂತಿರಲಿ. ಆಗ ಹನಿ ನೀರು ಹರಿದು ಬಂದರೂ ಕೆಳಗೇ ತೊಟ್ಟಿಕ್ಕುತ್ತದೆ, ಪ್ಲಗ್ ಮುಟ್ಟುವುದಿಲ್ಲ.

ನಲ್ಲಿ ನೀರಾದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಅಗಲ ಬಾಯಿಯ ಬಕೆಟ್ಟಿನಲ್ಲಿ 24 ಗಂಟೆ ತೆರೆದಿಡಿ, ಇಲ್ಲವೇ ಅಂಗಡಿಯಲ್ಲಿ ಸಿಗುವ ಆ್ಯಂಟಿ ಕ್ಲೋರಿನ್ ಹನಿ ಹಾಕಿ. ಆರ್‌ಒ ನೀರಿನಲ್ಲಿ ಖನಿಜ ಬಹಳ ಕಡಿಮೆ, ಅದು ಬೇಡ. ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ನೀರೂ ಗಪ್ಪಿಗೆ ಒಗ್ಗದು.

ಬಹಳ ಮನೆಗಳಲ್ಲಿ ಎಡವುವುದು ಇದರ ನಂತರ. ಭಾನುವಾರ ಬೆಳಿಗ್ಗೆ ಟ್ಯಾಂಕ್, ಸಂಜೆಗೆ ಹತ್ತು ಮೀನು, ಮುಂದಿನ ಭಾನುವಾರಕ್ಕೆ ಒಂದೂ ಉಳಿದಿರುವುದಿಲ್ಲ. ಮೀನಿನ ಹಿಕ್ಕೆ, ಮಿಕ್ಕ ತಿಂಡಿ ಕೊಳೆತು ಅಮೋನಿಯಾ ಆಗುತ್ತದೆ, ಅದು ಕಿವಿರನ್ನು ಸುಡುತ್ತದೆ. ಸ್ಪಂಜಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಹೊಸ ಸ್ಪಂಜಿನಲ್ಲಿ ಅವು ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಪಂಪ್ ಓಡಿಸುತ್ತಾ, ಮೀನಿಲ್ಲದ ನೀರಿಗೇ ದಿನಕ್ಕೊಂದು ಚಿಟಿಕೆ ಮೀನಿನ ತಿಂಡಿ ಹಾಕಿ. ಸ್ನೇಹಿತರ ಹಳೆಯ, ರೋಗವಿಲ್ಲದ ಟ್ಯಾಂಕಿನಿಂದ ಒಂದು ತುಂಡು ಸ್ಪಂಜ್ ಸಿಕ್ಕರೆ ಕಾಯುವ ಕಾಲ ಬಹಳ ಕಡಿಮೆಯಾಗುತ್ತದೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಮೀನು ತನ್ನಿ. ಈ ಕಾಯುವಿಕೆಯಲ್ಲಿ ಮಕ್ಕಳನ್ನೂ ಸೇರಿಸಿಕೊಳ್ಳಿ; ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗುರುತು ಹಾಕುವುದು ಮಗಳ ಕೆಲಸವಾಗಲಿ.

ಆರು ಗಂಡು ಗಪ್ಪಿ ಸಾಕು. ಗಂಡು ಚಿಕ್ಕದು, ಬಾಲಕ್ಕೆ ಬಣ್ಣವಿರುತ್ತದೆ; ಹೆಣ್ಣು ದಪ್ಪ, ಮಾಸಲು, ಹೊಟ್ಟೆಯ ಹಿಂಭಾಗದಲ್ಲಿ ಕಪ್ಪು ಮಚ್ಚೆ. ಗಪ್ಪಿ ಮೊಟ್ಟೆಯಿಡುವುದಿಲ್ಲ, ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಈಜುವ ಮರಿಗಳನ್ನೇ ಹಾಕುತ್ತದೆ. ಒಮ್ಮೆ ಕೂಡಿದ ಹೆಣ್ಣು ಆಮೇಲೆ ಗಂಡಿಲ್ಲದೆಯೂ ತಿಂಗಳುಗಟ್ಟಲೆ ಮರಿ ಹಾಕಬಲ್ಲದು, ಹಾಗಾಗಿ ಅಂಗಡಿಯಿಂದ ತಂದ ಒಂದೇ ಹೆಣ್ಣು ಟ್ಯಾಂಕ್ ತುಂಬಿಸಿಬಿಡುತ್ತದೆ. ತಂದ ದಿನ ಕವರನ್ನು ಬಿಚ್ಚದೆ 15 ನಿಮಿಷ ಟ್ಯಾಂಕಿನಲ್ಲಿ ತೇಲಿಬಿಡಿ. ಆಮೇಲೆ ಬಿಚ್ಚಿ, ಐದೈದು ನಿಮಿಷಕ್ಕೆ ಅರ್ಧ ಲೋಟದಂತೆ ಟ್ಯಾಂಕಿನ ನೀರು ಸೇರಿಸಿ. ಕೊನೆಗೆ ಬಲೆಯಲ್ಲಿ ಮೀನನ್ನಷ್ಟೇ ಎತ್ತಿ ಒಳಗೆ ಬಿಡಿ. ಕವರಿನ ನೀರು ಟ್ಯಾಂಕಿಗೆ ಬೀಳಬಾರದು.

ತಿಂಡಿಯ ಡಬ್ಬಿ ಮಕ್ಕಳ ಕೈಗೆ ಎಟುಕದಿರಲಿ. ಬೆಳಿಗ್ಗೆ ನೀವೇ ನೀರಿನ ಬಾಟಲಿಯ ಮುಚ್ಚಳಕ್ಕೆ ಒಂದು ಸಣ್ಣ ಚಿಟಿಕೆ ಹಾಕಿ ಕೊಡಿ, ಮಗು ಅದನ್ನು ನೀರಿಗೆ ಬೋರಲು ಹಾಕಲಿ. ಗಪ್ಪಿಯ ಬಾಯಿ ಮೇಲ್ಮುಖವಾಗಿದೆ. ತೇಲುವ ತುಣುಕನ್ನು ಕೆಳಗಿನಿಂದ ಬಂದು ಗುಳಕ್ಕನೆ ಎಳೆದುಕೊಳ್ಳುವುದನ್ನು ಮೂಗು ಗಾಜಿಗೊತ್ತಿ ನೋಡಬೇಕು. ಎರಡು ನಿಮಿಷದಲ್ಲಿ ಎಲ್ಲ ಖಾಲಿಯಾಗಬೇಕು. ತುಣುಕು ಕಲ್ಲಿನ ಮೇಲೆ ಕೂತಿದ್ದರೆ ನಾಳೆ ಅರ್ಧವೇ ಹಾಕಿ. ಮನೆಯ ಮೀನುಗಳು ಹಸಿವಿನಿಂದ ಸಾಯುವುದು ಅಪರೂಪ, ಹೆಚ್ಚು ಹಾಕಿ ನೀರು ಕೆಟ್ಟು ಸಾಯುವುದೇ ಜಾಸ್ತಿ. ನೀರಿಗೆ ಕೈಹಾಕಿದವರೆಲ್ಲ ಸೋಪು ಹಚ್ಚಿ ಕೈ ತೊಳೆಯಲಿ.

ವಾರಕ್ಕೊಮ್ಮೆ ಕಾಲುಭಾಗ, ಅಂದರೆ 8–9 ಲೀಟರ್ ನೀರು ತೆಗೆದು ಅಷ್ಟೇ ಹೊಸದು ತುಂಬಿ. ಎಲ್ಲ ನೀರು ಚೆಲ್ಲಿ ಟ್ಯಾಂಕ್ ಉಜ್ಜಿ ತೊಳೆಯುವ ಅಭ್ಯಾಸ ಬೇಡ, ಬ್ಯಾಕ್ಟೀರಿಯಾ ಎಲ್ಲ ಹೋಗುತ್ತವೆ. ಸ್ಪಂಜನ್ನೂ ನಲ್ಲಿ ಕೆಳಗೆ ಹಿಡಿಯದೆ, ತೆಗೆದ ಹಳೆಯ ನೀರಿನಲ್ಲೇ ಹಿಂಡಿ. ಆ ನೀರು ಗಿಡಕ್ಕೆ ಒಳ್ಳೆಯ ಗೊಬ್ಬರ. ಮಗ್‌ನಲ್ಲಿ ಹೂಕುಂಡಕ್ಕೆ ಹೊಯ್ಯುವುದು ಮೂರು ವರ್ಷದ ಮಗನಿಗೆ ಸರಿಯಾದ ಕೆಲಸ. ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ತಡಮಾಡದೆ ಕಾಲುಭಾಗ ನೀರು ಬದಲಿಸಿ, ಪಂಪ್ ಓಡುತ್ತಿದೆಯೇ ನೋಡಿ.

ಸೊಳ್ಳೆ ಬತ್ತಿ, ಲಿಕ್ವಿಡ್, ಜಿರಳೆ ಸ್ಪ್ರೇಗಳಲ್ಲಿ ಸಾಮಾನ್ಯವಾಗಿರುವ ಪೈರೆಥ್ರಾಯ್ಡ್ ಮೀನಿಗೆ ಕಡುವಿಷ. ಪಂಪ್ ಕೋಣೆಯ ಗಾಳಿಯನ್ನೇ ಹೀರಿ ನೀರಿಗೆ ಊದುವುದರಿಂದ ಟ್ಯಾಂಕಿರುವ ಕೋಣೆಯಲ್ಲಿ ಇವನ್ನು ಬಳಸಬೇಡಿ, ಸೊಳ್ಳೆಪರದೆ ಕಟ್ಟಿ.

ಗಪ್ಪಿಯ ಆಯುಸ್ಸು ಸುಮಾರು ಎರಡು ವರ್ಷ. ಸತ್ತಾಗ ಗುಟ್ಟಾಗಿ ಹೊಸದನ್ನು ತಂದು ಬಿಡದೆ, ವಯಸ್ಸಾಗಿತ್ತು, ಸತ್ತುಹೋಯಿತು ಎಂದೇ ಹೇಳಿ, ಮಗುವಿನ ಜೊತೆಗೇ ಮಣ್ಣು ಮಾಡಿ. ಸಾಕು ಎನಿಸಿದ ಮೀನನ್ನು ಕೆರೆಗೆ ಬಿಡಬೇಡಿ. ಗಪ್ಪಿ ದಕ್ಷಿಣ ಅಮೆರಿಕದ್ದು, ನಮ್ಮ ಕೆರೆಯ ಸಣ್ಣ ಮೀನುಗಳ ಮೊಟ್ಟೆ, ಮರಿ ತಿನ್ನುತ್ತದೆ. ಅಂಗಡಿಗೆ ವಾಪಸ್ ಕೊಡಿ.

ದಸರಾ ರಜೆಗೆ ಊರಿಗೆ ಹೊರಟರೆ ಹಿಂದಿನ ದಿನ ನೀರು ಬದಲಿಸಿ. ಬೆಳೆದ ಗಪ್ಪಿ ಐದಾರು ದಿನ ತಿಂಡಿಯಿಲ್ಲದೆ ಇರಬಲ್ಲದು. ಅದಕ್ಕೂ ಹೆಚ್ಚು ದಿನವಾದರೆ ಪಕ್ಕದ ಮನೆಯವರಿಗೆ ಡಬ್ಬಿ ಕೊಡದೆ, ಎರಡು ದಿನಕ್ಕೊಂದರಂತೆ ಕಾಗದದ ಪೊಟ್ಟಣ ಕಟ್ಟಿ ಪ್ರತಿಯೊಂದರ ಮೇಲೂ ತಾರೀಖು ಬರೆದು ಕೊಡಿ.